ನೀಲಿ ಸಾಲು

“ನಲ್ಲಪ್ಪನವರ ಗೂಡು ಬೇಕು ಅಂದ್ರೆ ನಿಮ್ಮ ಟೇಬಲ್ಲು ವೆಂಕಟರವಣಪ್ಪನವರದ್ದು ಕೊಡ್ತದಲ್ರೀ!”

ಜ್ಯೋತಿಲಕ್ಷ್ಮಿಯ ದೂರಿಗೆ ಜಗನ್ ತಬ್ಬಿಬ್ಬಾದನು. ಅದು ಎರಡು ಸಾವಿರದ ನಾಲ್ಕನೆಯ ಇಸವಿ. ಚಿಕ್ಕಬಳ್ಳಾಪುರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬು. ಇಬ್ಬರೂ ಅಲ್ಲಿಯ ಉಪನ್ಯಾಸಕರು. ಪರದೆಯ ಮೇಲೆ ಕಿಟಕಿ, ಗುಂಡಿ, ಮೆನುಗಳನ್ನು ಮೂಡಿಸಲು ಯಾವ ಪ್ರೋಗ್ರಾಮರಾದರೂ ಬಳಸಬಹುದಾದ ಟೂಲ್‌ಕಿಟ್ಟೊಂದನ್ನು ಜಗನ್ ಕಟ್ಟುತ್ತಿದ್ದನು. ಸಾಲು ಸಾಲಾಗಿ ಮಾಹಿತಿ ತೋರಿಸುವ ಟೇಬಲ್ಲೊಂದೇ ಬಾಕಿ. ಪರೀಕ್ಷೆಗೆಂದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬರುವ ರೈತರ ಹೆಸರು, ಅವರ ಗೂಡಿನ ದರಗಳನ್ನು ಅದರಲ್ಲಿ ತುಂಬಿದವಳು ಅವಳೇ. ಅಲ್ಲಿ ಹರಾಜಿನಲ್ಲಿ ಗೂಡು ಕೊಂಡು ನೂಲು ಬಿಚ್ಚುವ ಮುನಿಶಾಮಿಯವರ ಮಗಳು.

“ನೋಡಿ,” ಎಂದು ನಲ್ಲಪ್ಪನ ಸಾಲನ್ನು ಒತ್ತಿದಳು, ಅದು ನೀಲಿಯಾಯಿತು. ಬಳಿಕ ಮೇಲಿನ ‘ದರ’ ಎಂಬ ತಲೆಬರಹವನ್ನು ಒತ್ತಿದಳು. ಸಾಲುಗಳು ದರದ ಕ್ರಮಕ್ಕೆ ಸರಿದವು. ನಲ್ಲಪ್ಪ ಕೆಳಗಿಳಿದರು; ನೀಲಿ ಮಾತ್ರ ಇದ್ದಲ್ಲೇ ಉಳಿದು, ಅಲ್ಲಿಗೆ ಬಂದ ವೆಂಕಟರವಣಪ್ಪನ ಮೇಲೆ ಕುಳಿತಿತು.

“ಇದಕ್ಕೆ ಜಾಗ ನೆನಪಿರ್ತದೆ, ಮನುಷ್ಯರಲ್ಲ.” ಅವಳ ಓರೆನೋಟ ಪರದೆಯಿಂದ ಅವನತ್ತ ಹೊರಳಿತು. “ಸೋಮವಾರದಿಂದ ನಾನು ಗೌರಿಬಿದನೂರು ಕಾಲೇಜಿಗೆ. ಈ ಕುರ್ಚಿಗೆ ಇನ್ಯಾರೋ ಬರ್ತಾರೆ. ನನಗೆ ತಂದ್ಕೊಟ್ಟಂಗೇ ಅವರಿಗೂ ದಿನಾ ಕಾಫಿ ತಂದ್ಕೊಡ್ತೀರೇನೋ!”

ಜಗನ್‌ನ ಬೆರಳು ಕೀಲಿಗಳ ಮೇಲೆಯೇ ನಿಂತಿತು. ಹೇಳಬೇಕಾದುದನ್ನು ಹೇಳಲು ಶನಿವಾರದವರೆಗೆ ಮಾತ್ರ ಅವಕಾಶ. ಇಷ್ಟು ದಿನ ಬಾರದ ಧೈರ್ಯ ಅಷ್ಟರಲ್ಲಿ ಬರುವುದೇ?

ಧೈರ್ಯಕ್ಕೆ ಮೊದಲು ತಿದ್ದುಪಡಿ ಬಂದಿತು. ಸಾಲು ಎಷ್ಟನೆಯದೆಂಬುದನ್ನು ಬಿಟ್ಟು, ಅದು ಯಾರದೆಂಬುದನ್ನೇ ಟೇಬಲ್ ನೆನಪಿಡುವಂತೆ ಅವನು ಬರೆದನು.

ಶನಿವಾರ ಅವಳು ಮತ್ತೆ ನಲ್ಲಪ್ಪನನ್ನು ಆರಿಸಿ, ‘ದರ’ವನ್ನು ಒತ್ತಿದಳು. ಪರದೆಯಲ್ಲಿ ಎಲ್ಲಿಯೂ ನೀಲಿಯಿಲ್ಲ.

“ಎಲ್ರೀ ನಲ್ಲಪ್ಪ? ಮಾಯ ಮಾಡ್ಬಿಟ್ರಾ?”

“ಕೆಳಗಿದ್ದಾರೆ. ಕಣ್ಣಿಗೆ ಕಾಣದ ಸಾಲನ್ನ ಟೇಬಲ್ಲು ಮೂಡಿಸೋಕೆ ಹೋಗಲ್ಲ. ಎಲ್ಲಾನೂ ಮೂಡಿಸಿದ್ರೆ ನಿಧಾನ ಆಗ್ತದೆ.”

“ಕಣ್ಣಿಗೆ ಕಾಣದಿದ್ರೆ ಮರ್ತೇ ಬಿಡ್ತದಾ?”

“ಸ್ಕ್ರೋಲ್ ಮಾಡಿ ನೋಡಿ.”

ಅವಳು ಮೌಸಿನ ಚಕ್ರ ತಿರುಗಿಸಿದಳು. ಬಹಳ ಕೆಳಗಿನಿಂದ ನಲ್ಲಪ್ಪನ ಸಾಲು ಮೆಲ್ಲನೆ ಮೇಲೆದ್ದು ಬಂದಿತು, ನೀಲಿಯನ್ನು ಉಟ್ಟುಕೊಂಡೇ.

ಅವಳ ಕೈ ಚಕ್ರದ ಮೇಲೆಯೇ ಉಳಿಯಿತು. “ಗೌರಿಬಿದನೂರಷ್ಟು ದೂರ ಹೋದ್ರೂನಾ?”

“ಕಾಫಿ ಕುರ್ಚಿಗೆ ತಂದಿದ್ದಲ್ಲ ಜ್ಯೋತಿ ಅವರೇ, ನಿಮಗೆ.” ಜಗನ್ ಅವಳತ್ತ ತಿರುಗಿದನು. “ನಾಳೆ ಶಿಡ್ಲಘಟ್ಟಕ್ಕೆ ಬರ್ಲಾ? ನಿಮ್ಮ ತಂದೇರ ಹತ್ರ ಮಾತಾಡ್ಬೇಕು.”

ಅವಳು ನಗೆಯನ್ನು ಕಚ್ಚಿ ಹಿಡಿದಳು. “ನಮ್ಮಪ್ಪ ಗೂಡನ್ನ ಕಿವಿ ಹತ್ರ ಅಲ್ಲಾಡ್ಸಿ, ಒಳಗಿನ ಹುಳದ ಸದ್ದು ಕೇಳಿದ್ಮೇಲೇನೇ ಹರಾಜು ಕೂಗೋದು. ನಿಮ್ಮನ್ನೂ ಅಲ್ಲಾಡ್ಸಿಯೇ ನೋಡ್ತಾರೆ.”

“ನೋಡ್ಲಿ ಬಿಡಿ.”

ಜ್ಯೋತಿ ಎದ್ದು ಹತ್ತಿರ ಬಂದಳು. ಅವನ ಎದೆಯತ್ತ ತಲೆಯನ್ನು ಓರೆಮಾಡಿ, ಮಾರುಕಟ್ಟೆಯಲ್ಲಿ ತಂದೆ ನಿಲ್ಲುವ ಗಾಂಭೀರ್ಯದಿಂದಲೇ ಕಿವಿಗೊಟ್ಟಳು.

“ಹ್ಞೂಂ, ಸದ್ದೇನೋ ಚೆನ್ನಾಗೈತೆ. ಮಾರ್ಕೆಟ್ ಮುಗಿದ್ಮೇಲೆ ಬನ್ನಿ.”