ಕುಂಕುಮದ ಹಿಂದಿನ ದೀಪ

ಆಯುಧಪೂಜೆಯ ಮಾರನೆಯ ಬೆಳಗ್ಗೆ ಮಾಕಳಿ ಬೆಟ್ಟದ ಕಡೆಯ ಕುರಿಗಾಹಿಯೊಬ್ಬ ಕೊಡಿಗೇಹಳ್ಳಿಗೆ ಸುದ್ದಿ ತಂದ. ತಪ್ಪಿಸಿಕೊಂಡ ಹಸು ಹುಡುಕುತ್ತ ಅಷ್ಟು ದೂರ ಹೋಗಿದ್ದ ಹನುಮಯ್ಯ ಬಂಡೆಯಿಂದ ಜಾರಿ, ಕಾಲು ಮುರಿದುಕೊಂಡು ಗವಿಯಲ್ಲಿ ಬಿದ್ದಿದ್ದಾನೆ. ಗಾಯ ಕಪ್ಪಾಗುತ್ತಿದೆ. ಸಂಜೆಯೊಳಗೆ ಬೆಂಗಳೂರಿನ ದೊಡ್ಡಾಸ್ಪತ್ರೆ ಸೇರಿಸದಿದ್ದರೆ ಜೀವವೇ ಹೋದೀತು.

ಅವನ ಹೆಂಡತಿ ದ್ರೌಪದಮ್ಮ ಹರಳೆಣ್ಣೆಯ ಸೀಸೆ, ಗಟ್ಟಿ ಪಂಚೆ ತೆಗೆದುಕೊಂಡು ಅಣ್ಣ ಮುನಿಯಣ್ಣನ ಜೊತೆ ಅವನ ಕಾರು ಹತ್ತಿದಳು. ಐವತ್ತೆಂಟನೇ ಇಸವಿಯಲ್ಲಿ ಊರಿಗಿದ್ದದ್ದು ಅದೊಂದೇ ಕಾರು. ಡ್ರೈವರ್ ಲಾಲ್ ಸಾಬ್ ಎದುರಿನ ಮೀಟರುಗಳ ಮುಳ್ಳುಗಳನ್ನು ನೋಡಿದ. ಅವುಗಳ ಪಕ್ಕದ ಪುಟ್ಟ ಗಾಜಿನ ಮೇಲೆ ದ್ರೌಪದಮ್ಮ ನಿನ್ನೆ ಮೆತ್ತಿದ್ದ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಒರೆಸಲು ಕೈ ಎತ್ತಿದವನು, ಪೂಜೆಯದು ಎಂದು ಇಳಿಸಿಕೊಂಡ.

ಯಲಹಂಕ ಹಿಂದಾಯಿತು, ದೊಡ್ಡಬಳ್ಳಾಪುರವೂ ಹಿಂದಾಯಿತು. ಹೊಲಗಳು ಮುಗಿದು ಕುರುಚಲು ಕಾಡು ಶುರುವಾದ ಮೇಲೆ ಬೆಟ್ಟ ಒಮ್ಮೆಲೇ ಎದುರು ನಿಂತಿತು. ಅದರ ಬರಿಬಂಡೆಯ ಮೈಮೇಲೆ ಮೋಡದ ನೆರಳುಗಳು ನಿಧಾನವಾಗಿ ಹತ್ತುತ್ತಿದ್ದವು.

ಹತ್ತಿದರು. ಪಂಚೆಯ ಜೋಲಿಯಲ್ಲಿ ಹನುಮಯ್ಯನನ್ನು ಹೊತ್ತು, ಮುಳ್ಳಿಗೆ ಮೈ ತರಚಿಸಿಕೊಂಡು ಇಳಿದರು.

"ನನ್ನ ಹಸು ಸಿಕ್ತಾ?" ಎಂದ ಅವನು ಜ್ವರದಲ್ಲಿ.

"ಮೊದಲು ನೀನು ಸಿಕ್ಕಿದೀಯಲ್ಲ, ಸುಮ್ಕೆ ಮಲಗು ಭಾವ," ಎಂದ ಮುನಿಯಣ್ಣ.

ವಾಪಸು ಬರುವಾಗ ಹಳ್ಳದಲ್ಲಿ ಕಾರಿನ ತಳ ಕಲ್ಲಿಗೆ ಬಡಿಯಿತು. ಧಡ್!

ಕಾರು ದಡ ಹತ್ತಿತು. ಮುಂದಿನ ಸೀಟಿನಲ್ಲಿದ್ದ ದ್ರೌಪದಮ್ಮ ಬೆಚ್ಚಿದಳು. ಬಿರುಕು ಬಿಟ್ಟ ಕುಂಕುಮದ ಸಂದಿಯಲ್ಲಿ ಕೆಂಡ!

"ಸಾಬ್ರೇ, ಕುಂಕುಮ ಉರೀತೈತೆ!"

"ಬಿಸಿಲು ಕಣಮ್ಮಾ."

ಅವಳು ಅಂಗೈ ಅಡ್ಡ ಹಿಡಿದಳು. ನೆರಳಲ್ಲಿ ಅದು ಇನ್ನೂ ಕೆಂಪಗೆ ಹೊಳೆಯಿತು.

"ಎಣ್ಣೆ ಕಮ್ಮಿಯಾದ್ರೆ ಹೊತ್ಕೊಳ್ಳೋ ದೀಪ ಅದು!" ಎನ್ನುತ್ತ ಲಾಲ್ ಸಾಬ್ ತಟ್ಟನೆ ಎಂಜಿನ್ ಆರಿಸಿದ. ಕಾರಿನಡಿ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಇನ್ನೊಂದು ಮೈಲಿ ಹೋಗಿದ್ರೆ ಎಂಜಿನ್ ಕಚ್ಕೊಂಡು ನಿಂತ್ಬಿಡ್ತಿತ್ತು. ಇಲ್ಲಿ ಯಾರು ಬರ್ತಿದ್ರು ನಮ್ಮನ್ನ ಕರ್ಕೊಂಡೋಗೋಕೆ?"

ದ್ರೌಪದಮ್ಮ ಕುಂಕುಮದತ್ತ ಬೆರಳು ಮಾಡಿದಳು. "ದೀಪ ಮುಚ್ಚಿದ್ದು ನಾನೇ."

"ನೋಡಿಯೂ ಬಿಟ್ಟವನು ನಾನು."

ಕಾರಿನಲ್ಲಿದ್ದ ಬಟ್ಟೆ ಸೋಪನ್ನು ನಾದಿ, ಎಣ್ಣೆ ಸೋರುತ್ತಿದ್ದ ತಳದ ಬಿರುಕಿಗೆ ಒತ್ತಿ ತುಂಬಿದರು. ಡಬ್ಬಿಯಲ್ಲಿದ್ದ ಎಂಜಿನ್ ಎಣ್ಣೆ ಸಾಲಲಿಲ್ಲ.

"ಹರಳೆಣ್ಣೆ ಆಗ್ತದಾ?"

"ಕೊಡಿ. ಇವತ್ತು ಅದೂ ಆಗ್ಬೇಕು."

ಎಂಜಿನ್ ಗುಡುಗಿತು. ಮೂರು ಜೋಡಿ ಕಣ್ಣು ಆ ಗಾಜಿನ ಮೇಲೇ ನೆಟ್ಟವು. ಕೆಂಪು ನಡುಗಿತು, ಮಂಕಾಯಿತು, ಆರಿತು. ಬಾಯಿಲ್ಲದ ಕಬ್ಬಿಣ ತನ್ನ ನೋವು ಹೇಳಿಕೊಂಡು, ವಾಸಿಯಾಯಿತೆಂದೂ ಹೇಳಿತ್ತು.

ಹೊತ್ತು ಮುಳುಗುವ ಮೊದಲೇ ಆಸ್ಪತ್ರೆ ಸೇರಿದರು. ಕಾಲು ಉಳಿಯುತ್ತದೆಂದು ಡಾಕ್ಟರು ಹೇಳಿದ ಮೇಲೆ ದ್ರೌಪದಮ್ಮ ಕಾರಿನ ಬಳಿ ಬಂದು, ಸೆರಗಿನಿಂದ ಗಾಜನ್ನು ತಿಕ್ಕಿ ಒರೆಸಿದಳು. ಉದುರಿದ ಕುಂಕುಮವನ್ನು ಬೆರಳಲ್ಲೆತ್ತಿ, ದೀಪದಿಂದ ನಾಲ್ಕು ಬೆರಳು ಕೆಳಗೆ ಸಣ್ಣದೊಂದು ಬೊಟ್ಟಿಟ್ಟಳು.

"ಇಲ್ಲಿ ಆಗ್ತದಾ, ಸಾಬ್ರೇ?"

"ಇಲ್ಲೇ ಇರ್ಲಿ, ಅಮ್ಮಾ," ಎಂದ ಲಾಲ್ ಸಾಬ್.