ಕಂಪಲಾಪುರದ ಏರಿನಲ್ಲಿ ಮುರಿದ ಪಿನ್ನು

ಆಗಸ್ಟ್ ಹನ್ನೆರಡರ ಬೆಳಿಗ್ಗೆ ಪಿರಿಯಾಪಟ್ಟಣ ಠಾಣೆಗೆ ಬಂದ ದೂರು ಒಂದೇ ಪುಟದ್ದು. ಬರೆದುಕೊಟ್ಟವಳು ಕಂಪಲಾಪುರದ ಸುಕನ್ಯ. ಹಿಂದಿನ ಸಂಜೆ ಊರಾಚೆಯ ಏರಿನಲ್ಲಿ ಮಾದೇಶನ ಟ್ರಾಕ್ಟರಿನಿಂದ ಸೌದೆ ತುಂಬಿದ ಟ್ರೇಲರು ಕಳಚಿಕೊಂಡು ಹಿಂದಕ್ಕೆ ಉರುಳಿ, ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ತನ್ನ ತಾಯಿ ಚಿಕ್ಕಸಿದ್ದಮ್ಮನ ಮೇಲೆ ಹರಿದು ಅವಳು ಸತ್ತಿದ್ದಾಳೆ. ಮಾದೇಶ ಕುಡಿದಿದ್ದ, ಅವನಿಗೆ ಶಿಕ್ಷೆಯಾಗಬೇಕು.

ಇನ್‌ಸ್ಪೆಕ್ಟರ್ ಗೌತಮಿ ಎಫ್‌ಐಆರ್ ದಾಖಲಿಸಿದರು. ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ಸಾಕು, ಅದನ್ನು ಒಣಗಿಸುವ ಬ್ಯಾರನ್ ಮನೆಗಳಿಗೆ ಸೌದೆ ಹೊರುವ ಟ್ರೇಲರುಗಳದೇ ಗೋಳು. 'ಅಜಾಗರೂಕತೆಯ ಚಾಲನೆ' ಎಂದು ಬರೆಯಲು ಅವರ ಕೈಗೆ ಯೋಚನೆಯೇ ಬೇಕಾಗಿರಲಿಲ್ಲ. ಅದೇ ರೂಢಿಯಲ್ಲಿ ಮಾದೇಶನನ್ನು ಆರೋಪಿ ಎಂದು ತೋರಿಸಿ, ರಕ್ತಪರೀಕ್ಷೆ ಮಾಡಿಸಿ, ಜಾಮೀನಿನ ಮೇಲೆ ಕಳಿಸಿದರು. ರಕ್ತದಲ್ಲಿ ಮದ್ಯ ಇರಲಿಲ್ಲ. ಊರವರು ಅದನ್ನು ನಂಬಲಿಲ್ಲ.

ಸ್ಥಳ ಪಂಚನಾಮೆಗೆ ಹೋದಾಗ ಹೆಡ್ ಕಾನ್‌ಸ್ಟೇಬಲ್ ಶಂಕರ್ ಚರಂಡಿಗಿಳಿದು ಎರಡು ಕಬ್ಬಿಣದ ತುಂಡು ಎತ್ತಿ ತಂದ. ಟ್ರಾಕ್ಟರಿಗೂ ಟ್ರೇಲರಿಗೂ ಕೊಂಡಿ ಹಾಕುವ ಪಿನ್ನು. ಕುತ್ತಿಗೆಯ ಹತ್ತಿರ ಮುರಿದು ತಲೆ ಬೇರೆ, ದೇಹ ಬೇರೆ ಆಗಿತ್ತು. ಎರಡೂ ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದವು.

ಮಾದೇಶನನ್ನು ಮತ್ತೆ ಕರೆಸಿದರು.

"ಪಿನ್ನು ಹಾಕಿ ಎಷ್ಟು ದಿನ ಆಯ್ತು?"

"ಹದಿನೈದು ದಿನ ಆಗಿರ್‌ಬೋದು ಮೇಡಂ."

"ಹಳೇದು ಸವೆದಿತ್ತಾ?"

"ಇಲ್ಲ. ಗಟ್ಟಿಯಾಗೇ ಇತ್ತು. ಕಪ್ಪಗೆ, ವರಟಾಗಿತ್ತು ಅಷ್ಟೆಯ. ಫೋನಲ್ಲಿ ಕಿರಣಣ್ಣನ ವಿಡಿಯೋ ನೋಡ್ಬುಟ್ಟು ಇದ್ನ ತಂದೆ, ಅದ್ನ ಗುಜರಿಗೆ ಹಾಕ್ದೆ." ಅವನು ಮುಖ ಮುಚ್ಚಿಕೊಂಡ. "ನಂಗೇನ್ ಬಂದಿತ್ತು ರೋಗ ಮೇಡಂ!"

ವಿಡಿಯೋವನ್ನು ಶಂಕರ್ ಹುಡುಕಿ ತೋರಿಸಿದ. ಪಿರಿಯಾಪಟ್ಟಣದ ಬಿಡಿಭಾಗದ ಅಂಗಡಿಯ ಕಿರಣ್‌ಕುಮಾರ್ ಎರಡು ಕೈಯಲ್ಲಿ ಎರಡು ಪಿನ್ನು ಹಿಡಿದು ನಿಂತಿದ್ದ. "ನೋಡಿ ರೈತ ಬಾಂಧವರೇ, ಇದು ಫೋರ್ಜಿಂಗ್, ಕಾಸಿ ಬಡಿದ ಹಳೇ ಕಾಲದ್ದು. ಇದು ಬಿಲ್ಲೆಟ್! ಒಂದೇ ಗಟ್ಟಿ ಉಕ್ಕಿನಿಂದ ಕೊರೆದು ತೆಗೆದಿದ್ದು. ವಿಮಾನಕ್ಕೆ ಹಾಕೋ ಮಾಲು!"

"ವಿಮಾನಕ್ಕಂತೆ!" ಎಂದ ಶಂಕರ್. "ನಮ್ ಕಂಪಲಾಪುರದ ಏರು ಹತ್ತಕ್ಕಾಗ್ಲಿಲ್ಲ."

ತುಂಡುಗಳು ಮೈಸೂರಿನ ಪ್ರಯೋಗಾಲಯಕ್ಕೆ ಹೋದವು. ವರದಿಗಾಗಿ ಕಾಯುವುದೆಂದರೆ ಗೊತ್ತಿದ್ದದ್ದೇ. ಅಷ್ಟರಲ್ಲಿ ಮಾದೇಶನನ್ನು ಯಾರೂ ಕೆಲಸಕ್ಕೆ ಕರೆಯದಾದರು. ಸುಕನ್ಯ ಅವನ ಮನೆ ಮುಂದೆ ನಿಂತು ಮಣ್ಣು ತೂರಿ ಶಾಪ ಹಾಕಿದಳು. ಠಾಣೆಗೂ ಬಂದು, "ಅವ್ನ ಇನ್ನೂ ಯಾಕ್ ಆಚೆ ಬುಟ್ಟಿದ್ದೀರಿ?" ಎಂದು ಅತ್ತು ಹೋಗುತ್ತಿದ್ದಳು.

ಸೆಪ್ಟೆಂಬರ್ ಕೊನೆಗೆ ವರದಿ ಬಂತು. ಕಾಸಿ ಬಡಿದ ಪಿನ್ನಿನಲ್ಲಿ ಕಾದ ಉಕ್ಕನ್ನೇ ಒತ್ತಿ ತಲೆ ಮಾಡುತ್ತಾರೆ, ಲೋಹದ ಎಳೆ ಕಡಿಯದೆ ದೇಹದಿಂದ ತಲೆಗೆ ಹರಿಯುತ್ತದೆ. ಉಕ್ಕಿನ ಗಟ್ಟಿಯಿಂದ ಕೊರೆದರೂ ತಪ್ಪಿಲ್ಲ, ಆದರೆ ಒಳ್ಳೆಯ ಉಕ್ಕು ಬೇಕು, ಕುತ್ತಿಗೆಯನ್ನು ದುಂಡಗೆ ಬಿಡಬೇಕು. ಮುರಿದದ್ದು ಕಿಟಕಿ ಗ್ರಿಲ್ಲಿಗೆ ಬಳಸುವಂಥ ಮೆತ್ತನೆಯ ಸರಳು. ಕುತ್ತಿಗೆಯಲ್ಲಿ ಚೂಪು ಮೂಲೆ, ಬಿರುಕು ಅಲ್ಲಿಂದಲೇ ಶುರು. ಹೊಳಪು ಬರೀ ಮೇಲಿನ ಲೇಪ.

ಕಿರಣನಿಗೆ ಆ ಸರಳನ್ನು ಕೊರೆದುಕೊಟ್ಟವರು ಹುಣಸೂರಿನ ಲೇತ್ ಅಂಗಡಿಯ ಮೆಹಬೂಬ್.

"ಯಾತಕ್ಕೆ ಅಂತ ಹೇಳಿ ಮಾಡಿಸಿದ?"

"ಗೇಟಿಗೆ ಅಂದ್ರು ಮೇಡಂ. ಸರಳು ಅವ್ರೇ ತಂದ್ಕೊಟ್ರು."

"ನಂಬಿದ್ರಾ?"

ಮೆಹಬೂಬ್ ಲೇತ್ ನಿಲ್ಲಿಸಿದರು. "ಮೊದ್ಲು ನಂಬ್ದೆ. ಆಮೇಲೆ ನಾನೂ ವಿಡಿಯೋ ನೋಡ್ದೆ. ಕೇಳಕ್ ಹೋಗ್ಲಿಲ್ಲ. ಕೇಳ್ಬೇಕಿತ್ತು."

ಕಿರಣ್‌ಕುಮಾರ್ ಮಾತ್ರ ಜಗ್ಗಲಿಲ್ಲ. "ಲೇತ್‌ನವ್ರು ಕೊಟ್ಟಿದ್ ಮಾರ್ದೆ ಮೇಡಂ. ನಾನೇನ್ ಇಂಜಿನಿಯರಾ? ಓಡ್ಸೋನು ನೋಡ್ಕೊಂಡ್ ಓಡ್ಸ್‌ಬೇಕು."

ಸರ್ಕಾರಿ ವಕೀಲರು ಕಡ್ಡಿ ಮುರಿದಂತೆ ಹೇಳಿದರು: ಪಿನ್ನು ಭಾರ ತಡೆಯುವುದಿಲ್ಲವೆಂದು ಕಿರಣನಿಗೆ ಮೊದಲೇ ಗೊತ್ತಿತ್ತೆಂದು ತೋರಿಸಬೇಕು. ಇಲ್ಲದಿದ್ದರೆ ಸಾವಿನ ಹೊಣೆ ಮಾದೇಶನ ತಲೆಗೇ.

ಅಂಗಡಿಯಲ್ಲಿದ್ದ ಪಿನ್ನುಗಳನ್ನು ಜಪ್ತಿ ಮಾಡಿ, ಹೆಚ್ಚಿನ ಆಸೆಯೇನೂ ಇಲ್ಲದೆ, ಗೌತಮಿ ಮತ್ತು ಶಂಕರ್ ಕಿರಣನ ಊರಾದ ಮಿರ್ಲೆಗೆ ಹೋದರು. ಅಲ್ಲಿಯ ಮನೆಯಲ್ಲೂ ಮಾಲು ಇಟ್ಟಿದ್ದಾನೋ ನೋಡಬೇಕಿತ್ತು. ಮಾಲು ಸಿಗಲಿಲ್ಲ. ಅವನ ತಂದೆ ಲಿಂಗಣ್ಣ ಹಿತ್ತಲಲ್ಲಿ ಟ್ರಾಕ್ಟರ್ ತೊಳೆಯುತ್ತಿದ್ದರು. ಹಿಂದೆ ಟ್ರೇಲರು, ನಡುವೆ ಕಪ್ಪಗಿನ, ಒರಟು ಪಿನ್ನು.

"ಮಗನ ಅಂಗಡಿ ಪಿನ್ನು ಹಾಕಿಲ್ವಾ ಯಜಮಾನ್ರೇ?" ಗೌತಮಿ ಕೇಳಿದರು.

"ಹಾಕಕ್ಕೇ ಬುಡಾಕಿಲ್ಲ ಕಣವ್ವ ಅವ್ನು!" ಲಿಂಗಣ್ಣನ ಮುಖ ಅರಳಿತು. "ನಂಗೂ ಒಂದ್ ಕೊಡೋ, ಚೆಂದಾಗ್ ಹೊಳೀತವೆ ಅಂದೆ. 'ಬ್ಯಾಡ ಕಣಪ್ಪ, ಅದು ಲೋಡ್ ತಡಿಯಾಕಿಲ್ಲ, ನಿನ್ ಗಾಡಿಗೆ ಈ ಬಡ್ದಿದ್ದೇ ಇರ್ಲಿ' ಅಂದ. ಈ ಯುಗಾದಿಗೆ ಅವ್ನೇ ಬಡ್ದಿದ್ ಹೊಸ್ದು ತಂದ್ ಹಾಕ್ದ. ನನ್ ಕಂಡ್ರೆ ಪ್ರಾಣ ಅವ್ನಿಗೆ."

ಶಂಕರ್ ಬೇರೆ ಕಡೆ ನೋಡಿದ. ಏನೂ ಹೇಳದೆ ಮಹಜರಿಗೆ ಸಹಿ ಹಾಕಿಸಿಕೊಳ್ಳಬಹುದಿತ್ತು, ಗೌತಮಿಗೆ ಮನಸ್ಸು ಬರಲಿಲ್ಲ. ಚಿಕ್ಕಸಿದ್ದಮ್ಮ ಹೇಗೆ ಸತ್ತಳು, ಯಾವ ಪಿನ್ನಿನಿಂದ ಸತ್ತಳು, ಎಲ್ಲವನ್ನೂ ಹೇಳಿದರು. ಲಿಂಗಣ್ಣ ನೀರಿನ ಪೈಪು ಕೆಳಗಿಟ್ಟರು. ಆಮೇಲೆ ತಾವೇ ಪಿನ್ನು ಕಳಚಿ ಕೊಟ್ಟು, ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಕಿರಣ್‌ಕುಮಾರನನ್ನು ಅಂಗಡಿಯಲ್ಲೇ ಬಂಧಿಸಿದರು. ವಂಚನೆಯ ಜೊತೆಗೆ, ಸಾವು ತರಬಹುದೆಂದು ತಿಳಿದೂ ಮಾಡಿದ ಕೃತ್ಯವೆಂಬ ಆರೋಪವೂ ಸೇರಿತು. ತಂದೆಯ ಪಿನ್ನನ್ನು ಮೇಜಿನ ಮೇಲೆ ಕಂಡಮೇಲೆ ಅವನು ವಾದ ಮಾಡಲಿಲ್ಲ.

"ಬಡಿದ ಪಿನ್ನೇ ಇಟ್ಟಿದ್ದೆ ಮೇಡಂ, ವರ್ಷಗಟ್ಲೆ. ಗುಜರಿ ಮಾಲು ಅಂತ ತಿರುಗ್ಸಿ ನೋಡಿ ಇಟ್ ಹೋಗೋರು. ಈ ಹೊಳೆಯೋದ್ನ ತೋರ್ಸಿದ್ದೇ ತಡ, ಕಿರಣಣ್ಣ ಎಲ್ಲಿ ಅಂತ ದೂರದ ಕ್ವಾಟೆ ತಾಲ್ಲೂಕಿಂದೆಲ್ಲ ಹುಡ್ಕೊಂಡ್ ಬಂದ್ರು. ಜೊತೆ ನಿಂತು ಫೋಟೋ ತೆಗುಸ್ಕೊಳ್ಳೋರು. ಅಲ್ಲೀವರ್ಗೂ ನನ್ನ ಯಾರೂ ಹಂಗೆ ಕೇಳಿರ್ಲಿಲ್ಲ. ನಿಲ್ಸಕ್ ಆಗ್ಲಿಲ್ಲ."

ಆರೋಪಿಯಾಗಿದ್ದ ಮಾದೇಶ ಸಾಕ್ಷಿಯಾದ. ಸುಕನ್ಯಳಿಗೆ ತಿಳಿಸಿದಾಗ ಅವಳು ಬೆಂಚಿನ ಮೇಲೆ ಕುಸಿದಳು. "ಅವ್ನ್ ಬಾಗ್ಲಿಗೆ ಮಣ್ ತೂರ್‌ಬುಟ್ನಲ್ಲ ಮೇಡಂ. ಈಗ ಯಾವ್ ಮುಖ ತೋರ್ಸ್ಲಿ?" ಎಂದಳು. ಹೊರಗೆ ಕಾಯುತ್ತಿದ್ದ ಮಾದೇಶ ಅವಳನ್ನು ಬಸ್ ಸ್ಟ್ಯಾಂಡಿನವರೆಗೆ ಕರೆದುಕೊಂಡು ಹೋದ.

ಸಂಜೆ ಲಿಂಗಣ್ಣ ಮಗನಿಗೆ ಊಟದ ಡಬ್ಬಿ ತಂದರು. ಕಂಬಿಯಾಚೆ ಕಿರಣ ತಲೆ ಎತ್ತಲಿಲ್ಲ. ಡಬ್ಬಿಯನ್ನು ಶಂಕರನ ಕೈಗಿತ್ತು ಅವರು ಗೌತಮಿಯ ಮೇಜಿನ ಹತ್ತಿರ ಬಂದು ನಿಂತರು.

"ನಮ್ಮಪ್ಪ ಸಾಯ್ಬಾರ್ದು ಅಂತ ಗೊತ್ತಾಯ್ತಲ್ಲ ಇವ್ನಿಗೆ," ಎಂದರು. "ಆ ಯಮ್ಮನೂ ಯಾರೋ ಒಬ್ರಿಗೆ ಅವ್ವ ಅಂತ ಯಾಕವ್ವ ಗೊತ್ತಾಗ್ಲಿಲ್ಲ?"

ಗೌತಮಿ ಎದ್ದು ಅವರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು.