ಅಟ್ಟದ ಬಿಲ್ಲು

ಹದಿನೆಂಟು ವರ್ಷದ ಹಿಂದೆ ಮಳಿಗೆ ಕೊಂಡದ್ದು ಹನ್ನೆರಡು ಲಕ್ಷಕ್ಕೆ. ಈಗ ಮಾರಿದ್ದು ನಲವತ್ತಕ್ಕೆ. ನಡುವಿನ ಇಪ್ಪತ್ತೆಂಟು ಲಕ್ಷ ಲಾಭ. ಅದರಲ್ಲಿ ಐದನೇ ಒಂದು ಪಾಲು ತೆರಿಗೆ. ಒಳಗೆ ಅಟ್ಟ ಕಟ್ಟಿಸಲು ಸುರಿದ ನಾಲ್ಕು ಲಕ್ಷಕ್ಕೆ ಬಿಲ್ಲು ತೋರಿಸಿದರೆ ಅಷ್ಟನ್ನು ಲಾಭದಿಂದ ಕಳೆಯಬಹುದು. ಎಂಬತ್ತು ಸಾವಿರ ಉಳಿಯುತ್ತದೆ.

ಆ ಬಿಲ್ಲಿನ ಹುಡುಕಾಟ ಆರು ವಾರದಿಂದ ನಡೆದಿತ್ತು.

ಮುಚ್ಚಲಿರುವ ಕೊಡೆ ಕಂಪನಿಯ ಒಡತಿಗೆ ನಲವತ್ತೇಳು. ಹೊಲಿಗೆಯವರ ಬಾಕಿ ಚುಕ್ತಾ ಮಾಡಿ ಕಳಿಸಿದ್ದಳು, ಕಡ್ಡಿ, ಬಟ್ಟೆ ಎಲ್ಲ ಬಂದ ಬೆಲೆಗೆ ಕೊಟ್ಟಿದ್ದಳು. ಉಳಿದದ್ದು ಒಂದು ಮೇಜು, ಎರಡು ಕುರ್ಚಿ, ಮೈತುಂಬ ಸುಸ್ತು. ಕಂಪನಿಯಲ್ಲಿ ಅರ್ಧ ಪಾಲಿನ ಅಣ್ಣ ದಿನಾ ಫೋನ್ ಮಾಡಿ ಲೆಕ್ಕ ಮುಗಿಯಿತೇ ಎಂದು ಕೇಳುತ್ತಿದ್ದ. ಬಿಲ್ಲು ಹುಡುಕುತ್ತಿದ್ದೇನೆ ಎನ್ನುತ್ತಿದ್ದಳು.

ಹನ್ನೊಂದು ವರ್ಷದಿಂದ ಮಂಗಳವಾರ ಮಧ್ಯಾಹ್ನ ಆಡಿಟರ್ ಬರುತ್ತಿದ್ದರು. ಹೆಂಡತಿ ತೀರಿಕೊಂಡ, ಮಿತವಾಗಿ ಮಾತಾಡುವ ಮನುಷ್ಯ. ಫೈಲು ಬಿಚ್ಚುವ ಮೊದಲು ಕನ್ನಡಕ ಹಣೆಗೇರಿಸುವರು, ಆಮೇಲೆ ಅದನ್ನೇ ಮೇಜಿನ ಮೇಲೆ ತಡಕಾಡುವರು. ಅವಳು ತಲೆ ತಗ್ಗಿಸಿ ನಗು ನುಂಗುವಳು. ಅವರಿಗೆ ಇವಳು ಮೇಡಂ, ಇವಳಿಗೆ ಅವರು ಸರ್.

ಅಂದೂ ಬಿಲ್ಲು ಕೇಳಿ, ಕೈ ತೊಳೆಯಲು ಹೋದರು. ಫ್ಯಾನಿನ ಗಾಳಿಗೆ ಫೈಲಿನ ಹಾಳೆ ಮಗುಚಿತು. ಅಟ್ಟದ ಬಿಲ್ಲಿನ ಪ್ರತಿ. ಮೂಲೆಯಲ್ಲಿ ಅವರದೇ ಹಸಿರು ಶಾಯಿಯ ಗುರುತು, ಹತ್ತು ವರ್ಷ ಹಳೆಯ ತಾರೀಖು.

ಪ್ರತಿ ಇಟ್ಟುಕೊಂಡೇ ಇಷ್ಟು ದಿನ ಕೇಳಿದರಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಮರುಗಳಿಗೆ, ಸಿಟ್ಟಾಗುವ ಹಕ್ಕು ತನಗಿಲ್ಲ ಎಂಬುದು ನೆನಪಾಯಿತು. ಕೆಳಗಿನ ಡ್ರಾಯರ್ ಎಳೆದು, ನೀಲಿ ಕೊಡೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅಸಲು ಬಿಲ್ಲನ್ನು ಆ ಪ್ರತಿಯ ಪಕ್ಕ ಇಟ್ಟಳು.

ಅವರು ಬಂದು ಎರಡನ್ನೂ ನೋಡಿ ಮೆಲ್ಲಗೆ ಕುಳಿತರು.

"ನಿಮ್ಮ ಹತ್ರ ಯಾವಾಗಿಂದ ಇದೆ?"

"ಮೊದಲನೇ ವಾರಾನೇ ಸಿಕ್ತು," ಎಂದಳು. "ಕೊಟ್ರೆ ಲೆಕ್ಕ ಮುಗಿದು ಕಂಪನಿ ಮುಚ್ಚುತ್ತೆ. ಆಮೇಲೆ ನೀವು ಈ ಕಡೆ ಯಾಕೆ ಬರ್ತೀರಿ? ನಿಮಗೇನಾಗಿತ್ತು, ಸರ್?"

ಅವರು ಕನ್ನಡಕ ಹುಡುಕಿದರು. ಅವಳೇ ಅವರ ಹಣೆಯಿಂದ ಇಳಿಸಿ ಕೈಗಿಟ್ಟಳು.

"ಲೆಕ್ಕ ತಪಾಸಣೆ ಮಾಡೋನು ಕಂಪನಿಯವರ ಜೊತೆ ಸಲಿಗೆ ಬೆಳೆಸಬಾರದು. ಹನ್ನೊಂದು ವರ್ಷ ತಡ್ಕೊಂಡೆ. ಮುಚ್ಚಿದ ದಿನ ಹೇಳಣ ಅಂತಿದ್ದೆ. ದಿನ ಹತ್ರ ಬಂದಾಗ, ನೀವು ಬೇಡ ಅಂದ್ರೆ ಏನು ಗತಿ ಅಂತ ಹೆದರಿ ಪ್ರತಿ ಮುಚ್ಚಿಟ್ಟೆ."

"ಏನು ಬೇಡ ಅಂದ್ರೆ?"

"ನನ್ನನ್ನ."

ಹೊರಗೆ ಯಾರೋ ಲಾರಿ ಹಿಂದಕ್ಕೆ ತೆಗೆಯುತ್ತಿದ್ದರು. ಅವಳು ನೀಲಿ ಬಟ್ಟೆಯನ್ನು ಮಡಿಸಿ ಡ್ರಾಯರಿಗೆ ಹಾಕಿದಳು.

"ಬೇಡ ಅನ್ನೋಳು ಬಿಲ್ಲು ಬಚ್ಚಿಡ್ತಾಳಾ?"

ಅವರ ಕಿವಿ ಕೆಂಪಗಾಯಿತು. ಆಮೇಲೆ, ತೆರಿಗೆ ಕಟ್ಟುವ ಗಡುವು ಹೋದ ಶುಕ್ರವಾರವೇ ಮುಗಿಯಿತೆಂದೂ, ತಡಮಾಡಿದ್ದಕ್ಕೆ ಬಡ್ಡಿ ಬೀಳುವುದೆಂದೂ, ತಪ್ಪು ತನ್ನದಾದ್ದರಿಂದ ತಾನೇ ಕಟ್ಟುವೆನೆಂದೂ ಹೇಳಿದರು.

"ಅರ್ಧರ್ಧ," ಎಂದಳು. "ಅಣ್ಣನ ತಲೆ ಮೇಲೆ ಹಾಕೋದು ಬೇಡ."

ತೆರಿಗೆಗೆ ನಾಲ್ಕು ಲಕ್ಷ ಎಂಬತ್ತು ಸಾವಿರ ಹೋಯಿತು, ಬಡ್ಡಿಗೆ ನಾಲ್ಕು ಸಾವಿರದ ಎಂಟುನೂರು. ಹದಿನೆಂಟು ವರ್ಷದ ಕಂಪನಿಯೂ ಹೋಯಿತು. ಮುಂದಿನ ಮಂಗಳವಾರ ಅವರು ಫೈಲಿಲ್ಲದೆ ಅವಳ ಮನೆಗೆ ಬಂದರು.